ಮಕ್ಕಳ ಹಟ: ಬೈಯುವ ಮುನ್ನ ಕಾರಣ ಹುಡುಕೋಣ

ಒಂದೂವರೆ ವರ್ಷದಿಂದ ನಾಲ್ಕು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಹಟ ಹೊಸ ಸಂಗತಿಯಲ್ಲ. ಕೇಳಿದ್ದು ಸಿಗದಿದ್ದಾಗ ಮಗು ನೆಲಕ್ಕೆ ಬಿದ್ದು ಹೊರಳಾಡುತ್ತದೆ, ಕೈಗೆ ಸಿಕ್ಕಿದ್ದನ್ನು ಬೀಸಿ ಒಗೆಯುತ್ತದೆ, ಕಚ್ಚುತ್ತದೆ, ಒದೆಯುತ್ತದೆ, ಮುಖ ಕೆಂಪೇರುವಂತೆ ಅಳುತ್ತದೆ. ಪುಸ್ತಕದ ಕನ್ನಡದಲ್ಲಿ ಇದು ರಚ್ಚೆ. ವಿಜಯಪುರದ ಓಣಿಗಳಲ್ಲಿ ‘ಕೂಸು ಹಟಾ ಹಿಡದೈತಿ’ ಎನ್ನುತ್ತಾರೆ. ಮನೆಯವರು ಸೂಚಿಸುವ ಪರಿಹಾರಗಳೂ ಪರಿಚಿತವೇ. ‘ದೃಷ್ಟಿ ಆಗೈತಿ, ಉಪ್ಪು ಮೆಣಸಿನಕಾಯಿ ತಗೊಂಡು ದೃಷ್ಟಿ ತಗೀರಿ’ ಎನ್ನುತ್ತಾರೆ ಒಬ್ಬರು. ‘ಅವರಪ್ಪನೂ ಹಿಂಗ ಇದ್ದ, ರಕ್ತದಾಗ ಬಂದೈತಿ’ ಎನ್ನುತ್ತಾರೆ ಇನ್ನೊಬ್ಬರು. ‘ಎರಡು ಕೊಟ್ರ ಸುಮ್ಮನಾಗತೈತಿ’ ಎಂಬುದು ಮೂರನೆಯವರ ಸಲಹೆ. ನಾಲ್ಕನೆಯವರು ಮಾತಿಲ್ಲದೆ ಮೊಬೈಲನ್ನು ಮಗುವಿನ ಕೈಗಿಡುತ್ತಾರೆ. ಎಲ್ಲರೂ ಹಟವನ್ನು ನಿಲ್ಲಿಸಲು ನೋಡುತ್ತಾರೆ. ಹಟ ಏಕೆ ಬಂದಿತೆಂದು ಕೇಳುವವರು ವಿರಳ.

ಕಾರಣ ತಿಳಿಯದೆ ಕೊಟ್ಟ ಮದ್ದು ನಾಟುವುದಿಲ್ಲ. ಜ್ವರ ಹೇಗೆ ಒಂದು ಲಕ್ಷಣವೋ ಹಟವೂ ಹಾಗೆಯೇ ಒಂದು ಲಕ್ಷಣ. ಅದರ ಹಿಂದೆ ಬರಿಯ ವಯಸ್ಸು ಇರಬಹುದು. ಹಸಿವು, ನಿದ್ದೆಗೇಡು ಇರಬಹುದು. ರಕ್ತದಲ್ಲಿ ಕಬ್ಬಿಣಾಂಶದ ಕೊರತೆ ಇರಬಹುದು. ಕೇಳದ ಕಿವಿ ಇರಬಹುದು. ಮನೆಯ ಹಿರಿಯರ ಒಡಕು ಮಾತು ಇರಬಹುದು. ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ಭಾಗದ ನಮ್ಮ ಮನೆಗಳ ದಿನಚರಿಯನ್ನು ಎದುರಿಗಿಟ್ಟುಕೊಂಡು ಈ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ವಯಸ್ಸಿನ ಸಹಜ ಹಂತ

ಎರಡು ವರ್ಷದ ಮಗುವಿಗೆ ತಾನು ತಾಯಿಯಿಂದ ಬೇರೆಯಾದ ವ್ಯಕ್ತಿ ಎಂಬ ಅರಿವು ಆಗತಾನೆ ಬಲಿಯುತ್ತಿರುತ್ತದೆ. ತಾನೇ ಉಣ್ಣಬೇಕು, ತಾನೇ ಚಪ್ಪಲಿ ಮೆಟ್ಟಬೇಕು, ತಾನೇ ಮೆಟ್ಟಿಲು ಹತ್ತಬೇಕು ಎಂಬ ಆಸೆ ಪ್ರಬಲವಾಗುತ್ತದೆ. ಆದರೆ ಬೆರಳುಗಳಿಗೆ ಆ ಹಿಡಿತ ಬಂದಿಲ್ಲ, ನಾಲಿಗೆಗೆ ಆ ಮಾತು ಬಂದಿಲ್ಲ. ಎರಡು ತುಂಬಿದ ಮಗು ಸಾಮಾನ್ಯವಾಗಿ ಐವತ್ತಕ್ಕೂ ಹೆಚ್ಚು ಶಬ್ದಗಳನ್ನು ಆಡಬಲ್ಲದು. ‘ಅವ್ವ ಬಾ’, ‘ಹಾಲ ಬ್ಯಾಡ’ ಎಂದು ಎರಡೆರಡು ಶಬ್ದ ಜೋಡಿಸಬಲ್ಲದು. ‘ನನಗೆ ಸೆಕೆಯಾಗುತ್ತಿದೆ, ಈ ಗದ್ದಲ ಸಾಕಾಗಿದೆ, ಮನೆಗೆ ಹೋಗೋಣ’ ಎನ್ನಲಾರದು. ಹೇಳಲಾಗದ ಮಾತು ಅಳುವಾಗಿ ಹೊರಬೀಳುತ್ತದೆ.

ಇನ್ನೊಂದು ಸಂಗತಿ ಮಿದುಳಿಗೆ ಸಂಬಂಧಿಸಿದ್ದು. ಸಿಟ್ಟು, ಭಯಗಳನ್ನು ಎಬ್ಬಿಸುವ ಮಿದುಳಿನ ಒಳಭಾಗಗಳು ಬಹಳ ಬೇಗ ಚುರುಕಾಗುತ್ತವೆ. ಅವುಗಳನ್ನು ಅಂಕೆಯಲ್ಲಿಡುವ, ಹಣೆಯ ಹಿಂಬದಿಯಲ್ಲಿರುವ ಭಾಗ ನಿಧಾನವಾಗಿ ಬೆಳೆಯುತ್ತದೆ. ಅದು ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಆದ್ದರಿಂದ ಎರಡು ವರ್ಷದ ಮಗುವಿಗೆ ‘ಸಿಟ್ಟು ತಡಕೋ’ ಎಂದು ಹೇಳುವುದು ಹಲ್ಲು ಬಾರದ ಕೂಸಿಗೆ ಕಟಕ ರೊಟ್ಟಿ ಕೊಟ್ಟಂತೆ.

ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಫ್ಲಾರೆನ್ಸ್ ಗುಡ್‌ಇನಫ್ ಅವರು 1931ರಲ್ಲಿ ಚಿಕ್ಕ ಮಕ್ಕಳ ಸಿಟ್ಟಿನ ಕುರಿತು ಒಂದು ಅಧ್ಯಯನ ಪ್ರಕಟಿಸಿದರು. ತಂದೆತಾಯಿಗಳು ಮಕ್ಕಳ ಸಿಟ್ಟಿನ ಪ್ರಸಂಗಗಳನ್ನು ಆಯಾ ದಿನವೇ ಬರೆದಿಟ್ಟ ದಾಖಲೆಗಳ ಮೇಲೆ ನಿಂತ ಅಧ್ಯಯನವದು. ಎರಡನೆಯ ವರ್ಷದಲ್ಲಿ ಸಿಟ್ಟಿನ ಪ್ರಸಂಗಗಳು ಅತಿ ಹೆಚ್ಚಾಗಿದ್ದು ಅನಂತರ ಇಳಿಯುತ್ತ ಹೋಗುವುದನ್ನು ಅದು ತೋರಿಸಿತು. ಊಟಕ್ಕೆ ಮುಂಚಿನ ಹೊತ್ತಿನಲ್ಲಿಯೂ ಮೈಗೆ ಆರಾಮವಿಲ್ಲದ ದಿನಗಳಲ್ಲಿಯೂ ಸಿಟ್ಟು ಹೆಚ್ಚುವುದು ಕಂಡುಬಂದಿತು. 2003ರಲ್ಲಿ ಮೈಕೆಲ್ ಪೊಟೆಗಾಲ್ ಮತ್ತು ರಿಚರ್ಡ್ ಡೇವಿಡ್ಸನ್ ಎಂಬ ಸಂಶೋಧಕರು ಒಂದೂವರೆ ವರ್ಷದಿಂದ ಐದು ವರ್ಷದ ಮಕ್ಕಳ ಹಟವನ್ನು ಬಿಡಿಸಿ ನೋಡಿದರು. ಹಟದೊಳಗೆ ಎರಡು ಭಾವಗಳಿರುತ್ತವೆ. ಸಿಟ್ಟು ಆರಂಭದಲ್ಲಿಯೇ ಏರಿ ಬೇಗ ಇಳಿಯುತ್ತದೆ. ದುಃಖ ಕೊನೆಯವರೆಗೂ ಉಳಿಯುತ್ತದೆ. ಬಹುಪಾಲು ಹಟಗಳು ಐದು ನಿಮಿಷದೊಳಗೆ ಮುಗಿಯುತ್ತವೆ. ಈಗಷ್ಟೇ ಒದ್ದ ಮಗುವೇ ಸ್ವಲ್ಪ ಹೊತ್ತಿಗೆ ತೊಡೆಯೇರಿ ಕೂರಬಯಸುವುದು ಇದರಿಂದಲೇ. ಅದನ್ನು ‘ನಾಟಕ’ವೆಂದು ತಳ್ಳಬಾರದು, ಸಿಟ್ಟು ಇಳಿದು ದುಃಖ ಉಳಿದಿರುವ ಮಗುವದು.

ಹಸಿವು, ನಿದ್ರೆ, ಸೆಕೆ

ಕಾರಣ ಹುಡುಕುವವರು ಮೊದಲು ನೋಡಬೇಕಾದದ್ದು ಗಡಿಯಾರವನ್ನು. ನಮ್ಮ ಬಹಳಷ್ಟು ಮನೆಗಳಲ್ಲಿ ಬೆಳಿಗ್ಗೆ ಎದ್ದ ಮಗುವಿಗೆ ಸಿಗುವುದು ಚಹಾದಲ್ಲಿ ಅದ್ದಿದ ಎರಡು ಬಿಸ್ಕೀಟು ಇಲ್ಲವೆ ಟೋಸ್ಟು. ತಿಕೋಟಾ ಭಾಗದಲ್ಲಿ ದ್ರಾಕ್ಷಿಯ ಚಾಟಣಿ, ಕೊಯ್ಲು, ಒಣದ್ರಾಕ್ಷಿ ಮಾಡುವ ದಿನಗಳಲ್ಲಿ ಕೂಲಿಗೆ ಹೋಗುವ ತಾಯಿ ನಸುಕಿನಲ್ಲಿಯೇ ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಂಡು ಹೊರಡಬೇಕಾಗುತ್ತದೆ. ಹತ್ತು ಹನ್ನೊಂದರ ಹೊತ್ತಿಗೆ ಮಗುವಿನ ಹೊಟ್ಟೆ ಬರಿದಾಗಿರುತ್ತದೆ. ಆಗ ಅದು ಅತ್ತರೆ ಐದು ರೂಪಾಯಿಯ ಕುರುಕಲು ಪೊಟ್ಟಣ ಬರುತ್ತದೆ. ಅದರಿಂದ ಬಾಯಿಗೆ ರುಚಿ ಸಿಗುತ್ತದೆ, ಹೊಟ್ಟೆ ತುಂಬುವುದಿಲ್ಲ. ಮತ್ತೊಂದು ತಾಸಿನಲ್ಲಿ ಮತ್ತೆ ಹಟ. ಚಿಕ್ಕ ಮಗುವಿನ ಹೊಟ್ಟೆ ಚಿಕ್ಕದು. ಅದಕ್ಕೆ ಎರಡು ಮೂರು ತಾಸಿಗೊಮ್ಮೆ ಏನಾದರೂ ಬೇಕು. ಹಾಲಿನಲ್ಲಿ ಕಿವುಚಿದ ರೊಟ್ಟಿ, ಬೇಳೆಯೊಡನೆ ಅನ್ನ, ಬೇಯಿಸಿದ ಹೆಸರುಕಾಳು, ಬಾಳೆಹಣ್ಣು, ಮೊಸರನ್ನ, ಇವುಗಳಲ್ಲೊಂದನ್ನು ಹತ್ತಕ್ಕೆ ಕೊಟ್ಟರೆ ಹನ್ನೊಂದರ ಹಟ ಎಷ್ಟೋ ಮನೆಗಳಲ್ಲಿ ತಾನಾಗಿ ನಿಲ್ಲುತ್ತದೆ.

ನಿದ್ರೆಯದೂ ಇದೇ ಕಥೆ. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ನಿದ್ರೆ ಸೇರಿ ದಿನಕ್ಕೆ 11ರಿಂದ 14 ತಾಸು, ಮೂರರಿಂದ ಐದು ವರ್ಷದ ಮಗುವಿಗೆ 10ರಿಂದ 13 ತಾಸು ನಿದ್ರೆ ಬೇಕು. ಮನೆಯ ಹಿರಿಯರ ಧಾರಾವಾಹಿ ಮುಗಿದ ಮೇಲೆ ಹತ್ತೂವರೆಗೆ ಮಲಗಿ, ನಸುಕಿನ ಗದ್ದಲಕ್ಕೆ ಎಚ್ಚರಗೊಳ್ಳುವ ಮಗುವಿಗೆ ಇಷ್ಟು ನಿದ್ರೆ ಸಿಗುವುದಿಲ್ಲ. ನಿದ್ದೆಗೆಟ್ಟ ದೊಡ್ಡವರು ಮಂಕಾಗುತ್ತಾರೆ; ನಿದ್ದೆಗೆಟ್ಟ ಮಕ್ಕಳು ಅನೇಕ ವೇಳೆ ಇನ್ನಷ್ಟು ಕುಣಿಯುತ್ತಾರೆ, ಸಣ್ಣ ಮಾತಿಗೂ ಸಿಡಿಯುತ್ತಾರೆ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಬಲೂನಿನ ಮುಂದೆ ಹೊರಳಾಡುವ ಮಗು, ರಾತ್ರಿಯ ಪ್ರವಚನದಲ್ಲಿ ತಾಯಿಯ ಮಡಿಲಲ್ಲಿ ಒದ್ದಾಡುವ ಮಗು ಮಲಗುವ ಹೊತ್ತನ್ನು ಎಂದೋ ದಾಟಿರುತ್ತದೆ. ಅದಕ್ಕೆ ಬಲೂನು ನೆಪ, ನಿದ್ರೆ ಕಾರಣ. ಮಠಕ್ಕೂ ಜಾತ್ರೆಗೂ ಮಕ್ಕಳನ್ನು ಕರೆತರುವುದು ಒಳ್ಳೆಯದೇ. ಮಧ್ಯಾಹ್ನ ಮಲಗಿಸಿ, ಉಣಿಸಿ ಕರೆತರಬೇಕು. ನಿದ್ರೆಯ ಹೊತ್ತಿಗೆ ಎದ್ದು ಹೊರಡಲು ಸಂಕೋಚಪಡಬಾರದು.

ನಮ್ಮ ಸೀಮೆಯ ಬೇಸಗೆಯನ್ನೂ ಮರೆಯುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಮುಟ್ಟುವ ದಿನಗಳಲ್ಲಿ ಪತ್ರಾಸಿನ ಸೂರಿನಡಿ ಇರುವ ಮಗುವಿನ ಮೈಯಲ್ಲಿ ನೀರು ಬೇಗ ಕಡಿಮೆಯಾಗುತ್ತದೆ. ಬಾಯಾರಿಕೆಯನ್ನು ಅದು ಹೇಳಿಕೊಳ್ಳದು; ಕಿರಿಕಿರಿಯಾಗುತ್ತದೆ, ಅಳುತ್ತದೆ. ಕೇಳದಿದ್ದರೂ ಆಗಾಗ ನೀರು, ಮಜ್ಜಿಗೆ ಕುಡಿಸಬೇಕು.

ರಕ್ತಹೀನತೆ ಎಂಬ ಮರೆಯ ಕಾರಣ

ಮೇಲಿನ ಕಾರಣಗಳು ಕಣ್ಣಿಗೆ ಕಾಣುವಂಥವು. ಕಾಣದ ಒಂದು ಕಾರಣ ನಮ್ಮ ಮನೆಮನೆಯಲ್ಲಿದೆ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿಯೂ ನೂರಕ್ಕೆ 65ರಷ್ಟು ಮಕ್ಕಳು ರಕ್ತಹೀನರು. ಇವರಲ್ಲಿ ಬಹಳಷ್ಟು ಮಕ್ಕಳಿಗೆ ಇರುವುದು ಕಬ್ಬಿಣಾಂಶದ ಕೊರತೆ.

ಕಬ್ಬಿಣಾಂಶ ರಕ್ತಕ್ಕೆ ಮಾತ್ರ ಬೇಕಾದುದಲ್ಲ. ಬೆಳೆಯುವ ಮಿದುಳಿಗೂ ಬೇಕು. ಮನಸ್ಸಿನ ಸ್ಥಿತಿಯನ್ನು ನಿಯಂತ್ರಿಸುವ ರಾಸಾಯನಿಕಗಳ ತಯಾರಿಕೆಯಲ್ಲಿ ಅದರ ಪಾತ್ರವಿದೆ. ಅದು ಕಡಿಮೆಯಾದ ಮಗು ಕಿರಿಕಿರಿಗೊಳ್ಳುತ್ತದೆ, ಆಟದಲ್ಲಿ ಬೇಗ ದಣಿಯುತ್ತದೆ, ನಿದ್ರೆ ಸರಿಯಾಗಿ ಮಾಡುವುದಿಲ್ಲ, ಊಟ ಸೇರುವುದಿಲ್ಲ. ಕೆಲವು ಮಕ್ಕಳು ಮಣ್ಣು, ಗೋಡೆಯ ಸುಣ್ಣ, ಬಳಪ ತಿನ್ನುತ್ತಾರೆ. ಮಣ್ಣು ತಿಂದದ್ದಕ್ಕೆ ಪೆಟ್ಟು ತಿನ್ನುವ ಮಗು ಅನೇಕ ವೇಳೆ ರಕ್ತ ಪರೀಕ್ಷೆಗೆ ಹೋಗಬೇಕಾದ ಮಗು. ಕಣ್ಣಿನ ಕೆಳರೆಪ್ಪೆಯ ಒಳಗು, ಅಂಗೈ, ನಾಲಿಗೆ ಬಿಳಿಚಿದ್ದರೆ ತಡಮಾಡದೆ ತೋರಿಸಬೇಕು.

ಈ ಕೊರತೆಗೆ ನಮ್ಮ ಊಟದ ರೂಢಿಯೂ ಕಾರಣ. ಒಂದನೆಯದು ಚಹಾ. ಅದರಲ್ಲಿರುವ ಒಗರಿನ ಅಂಶ ಆಹಾರದ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಐದು ವರ್ಷದೊಳಗಿನ ಮಗುವಿಗೆ ಚಹಾ ಯಾವ ರೂಪದಲ್ಲಿಯೂ ಬೇಡ. ‘ಬರೇ ಹಾಲಿನ ಚಾ’ ಎಂಬ ಸಮಾಧಾನವೂ ಬೇಡ. ಎರಡನೆಯದು ಹಾಲಿನ ಅತಿ. ಹಾಲಿನಲ್ಲಿ ಕಬ್ಬಿಣ ತೀರ ಕಡಿಮೆ. ದಿನಕ್ಕೆ ಅರ್ಧ ಲೀಟರ್‌ಗೂ ಹೆಚ್ಚು ಆಕಳ ಅಥವಾ ಎಮ್ಮೆಯ ಹಾಲು ಕುಡಿಯುವ ಮಗುವಿಗೆ ರೊಟ್ಟಿ, ಕಾಳು, ಪಲ್ಲೆಗೆ ಹೊಟ್ಟೆಯಲ್ಲಿ ಜಾಗ ಉಳಿಯುವುದಿಲ್ಲ. ಮೂರನೆಯದು, ಸಸ್ಯಾಹಾರದ ಕಬ್ಬಿಣ ಮೈಗೆ ಹತ್ತುವುದು ಕಷ್ಟ. ಆದರೆ ಹುಳಿಯ ಜೊತೆ ತಿಂದರೆ ಚೆನ್ನಾಗಿ ಹತ್ತುತ್ತದೆ. ಹೆಸರುಕಾಳು, ಮಡಿಕೆಕಾಳು, ಸಜ್ಜಿ ರೊಟ್ಟಿ, ಮೆಂತ್ಯೆ, ರಾಜಗಿರಿ ಪಲ್ಲೆಗಳಿಗೆ ನಾಲ್ಕು ಹನಿ ಲಿಂಬೆರಸ ಹಿಂಡಿ ಕೊಡುವುದು ಇದಕ್ಕಾಗಿ. ಶೇಂಗಾವನ್ನು ಹಿಂಡಿ ಮಾಡಿ, ಒಣದ್ರಾಕ್ಷಿಯನ್ನು ಸಣ್ಣಗೆ ಹೆಚ್ಚಿ, ಹಸಿದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಬೇಕು. ಇಡಿಯ ಶೇಂಗಾ, ಇಡಿಯ ದ್ರಾಕ್ಷಿ ಚಿಕ್ಕ ಮಕ್ಕಳ ಉಸಿರುನಾಳಕ್ಕೆ ಸಿಕ್ಕಿ ಪ್ರಾಣಕ್ಕೆ ಸಂಚಕಾರ ತರಬಲ್ಲವು.

ರಕ್ತಹೀನತೆ ನಿವಾರಣೆಯ ಸರಕಾರಿ ಕಾರ್ಯಕ್ರಮದಲ್ಲಿ ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಬಾರಿ 1 ಮಿಲಿಲೀಟರ್ ಕಬ್ಬಿಣದ ಸಿರಪ್ ಕೊಡುವ ವ್ಯವಸ್ಥೆ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಬೇಕು. ಇದರಿಂದ ಮಲ ಕಪ್ಪಾಗುವುದು ಸಹಜ, ಅದಕ್ಕಾಗಿ ನಿಲ್ಲಿಸಬಾರದು. ಸಿಹಿಯೆಂದು ಮಗು ತಾನೇ ಎತ್ತಿ ಕುಡಿದರೆ ಮಾತ್ರ ಅಪಾಯ. ಬಾಟಲಿ ಎತ್ತರದಲ್ಲಿರಲಿ.

ಉಸಿರು ಹಿಡಿಯುವ ಮಗು

ಕೆಲವು ಮಕ್ಕಳು ಜೋರಾಗಿ ಅಳುತ್ತಲೇ ಒಮ್ಮೆಲೇ ಉಸಿರು ಹಿಡಿಯುತ್ತಾರೆ. ತುಟಿ ನೀಲಿಗಟ್ಟುತ್ತದೆ ಅಥವಾ ಮುಖ ಬಿಳಿಚುತ್ತದೆ, ಮೈ ಸೆಟೆದು ಬಳಿಕ ಜೋಲು ಬೀಳುತ್ತದೆ. ನೋಡುವವರ ಜೀವ ಬಾಯಿಗೆ ಬರುತ್ತದೆ. ‘ಗಾಳಿ ಸೋಕಿದೆ’ ಎಂದು ತಾಯತ ಕಟ್ಟುವುದೂ, ಮೂಗಿಗೆ ಉಳ್ಳಾಗಡ್ಡಿ, ಚಪ್ಪಲಿ ಹಿಡಿಯುವುದೂ, ಹೊಟ್ಟೆಗೆ ಬರೆ ಎಳೆಯುವುದೂ ಆಗಲೇ. ಆರು ತಿಂಗಳಿಂದ ಆರು ವರ್ಷದೊಳಗೆ ಕಾಣುವ ಈ ಸ್ಥಿತಿ ಮಗು ಬೇಕೆಂದು ಮಾಡುವುದಲ್ಲ. ಸಿಟ್ಟು, ನೋವು, ಬೆದರಿಕೆಯಿಂದ ತಾನಾಗಿ ಆಗುವಂಥದು. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮಗು ತಾನೇ ಉಸಿರೆಳೆದುಕೊಳ್ಳುತ್ತದೆ.

ಈ ಮಕ್ಕಳಲ್ಲಿ ಅನೇಕರಿಗೆ ಕಬ್ಬಿಣಾಂಶದ ಕೊರತೆ ಇರುವುದೂ, ವೈದ್ಯರು ಕಬ್ಬಿಣದ ಔಷಧಿ ಕೊಟ್ಟಾಗ ಈ ಪ್ರಸಂಗಗಳು ಕಡಿಮೆಯಾಗುವುದೂ ಅಧ್ಯಯನಗಳಿಂದ ಖಚಿತವಾಗಿದೆ. ಹುಡುಗನ ಮೈಮೇಲೆ ಬರೆಯ ಗಾಯ ಉಳಿದಿರುತ್ತದೆ, ರಕ್ತದಲ್ಲಿ ಕೊರತೆ ಹಾಗೆಯೇ ಉಳಿದಿರುತ್ತದೆ, ಮುಂದಿನ ತಿಂಗಳು ಉಸಿರು ಮತ್ತೆ ಕಟ್ಟುತ್ತದೆ. ಹಾಗಾಗಬಾರದು. ಉಸಿರು ಕಟ್ಟಿದಾಗ ಮಗುವನ್ನು ಮಗ್ಗುಲಾಗಿ ಮಲಗಿಸಿ, ತಲೆಗೆ ಪೆಟ್ಟಾಗದಂತೆ ನೋಡಿಕೊಂಡರೆ ಸಾಕು. ಬಾಯಿಗೆ ನೀರು ಹಾಕಬಾರದು, ಎತ್ತಿ ಅಲುಗಾಡಿಸಬಾರದು. ಮೊದಲ ಬಾರಿ ಆದಾಗ ತಪ್ಪದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಅಳದಿದ್ದರೂ ಪ್ರಜ್ಞೆ ತಪ್ಪಿದರೆ, ಓಡಾಡುವಾಗ ಬಿದ್ದರೆ, ಒಂದು ನಿಮಿಷದಲ್ಲಿ ಚೇತರಿಸದಿದ್ದರೆ ಅದು ಮೂರ್ಛೆಯೋ ಹೃದಯದ ತೊಂದರೆಯೋ ಇರಬಹುದು. ಅಂಥ ಮಗುವನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಹೇಳಲಾರದ ನೋವು, ಕೇಳಲಾರದ ಕಿವಿ

ಮಾತು ಬಾರದ ಮಗುವಿನ ನೋವನ್ನು ಅದರ ಚರ್ಯೆಯಿಂದ ಅರಿಯುವ ವಿದ್ಯೆ ನಮ್ಮ ದೇಶದಲ್ಲಿ ಬಹಳ ಹಳೆಯದು. ಆಯುರ್ವೇದದ ಬಾಲಚಿಕಿತ್ಸೆಯ ಗ್ರಂಥವಾದ ಕಾಶ್ಯಪ ಸಂಹಿತೆಯಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯವಿದೆ. ಕಿವಿನೋವಿರುವ ಮಗು ಕೈಯಿಂದ ಕಿವಿ ಮುಟ್ಟಿಕೊಳ್ಳುತ್ತದೆ, ತಲೆ ಹೊರಳಿಸುತ್ತದೆ ಎಂಬಂಥ ಸೂಚನೆಗಳು ಅಲ್ಲಿವೆ. ನೆಗಡಿಯಾದ ಮರುದಿನ ರಾತ್ರಿಯಿಡೀ ಹಟ ಹಿಡಿದ ಮಗುವಿನ ಕಿವಿಯನ್ನು ಇಂದಿಗೂ ಮೊದಲು ನೋಡಬೇಕು. ಮಲಬದ್ಧತೆ, ಮೂಡುತ್ತಿರುವ ಹಲ್ಲು, ಮೂತ್ರದ ಉರಿ ಕೂಡ ಹಟದ ವೇಷದಲ್ಲಿ ಬರುತ್ತವೆ. ರಾತ್ರಿ ಗುದದ್ವಾರದಲ್ಲಿ ತುರಿಕೆಯೆಬ್ಬಿಸುವ ದಾರದಂಥ ಸಣ್ಣ ಹುಳುಗಳು ಮಗುವಿನ ನಿದ್ದೆಗೆಡಿಸಿ ಹಗಲಿನ ಹಟಕ್ಕೆ ಕಾರಣವಾಗುತ್ತವೆ. 2015ರಲ್ಲಿ ಆರಂಭವಾದ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ ಮಾತ್ರೆ ಕೊಡಲಾಗುತ್ತದೆ. ಅಂದು ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬಾರದು.

ಇದಕ್ಕಿಂತ ದೊಡ್ಡದೊಂದು ಮಾತಿದೆ. ‘ಕರೆದರೂ ತಿರುಗಿ ನೋಡೂದಿಲ್ಲ, ಹೇಳಿದ್ದು ಕೇಳೂದಿಲ್ಲ, ತನಗ ಬೇಕಾದ್ದ ಮಾಡತೈತಿ’ ಎಂಬ ದೂರು ಯಾವ ಮಗುವಿನ ಮೇಲಿದೆಯೋ ಆ ಮಗುವಿಗೆ ನಿಜಕ್ಕೂ ಕೇಳಿಸುತ್ತದೆಯೇ ಎಂದು ಪರೀಕ್ಷಿಸಿದ್ದೀರಾ? ಹುಟ್ಟುಕಿವುಡು ಮೈಮೇಲೆ ಯಾವ ಗುರುತನ್ನೂ ಇಟ್ಟಿರುವುದಿಲ್ಲ. ಕೇಳದ ಮಗುವಿಗೆ ಮಾತು ಬರುವುದಿಲ್ಲ. ಮಾತು ಬಾರದ ಮಗುವಿಗೆ ಬೇಕು ಬೇಡ ಹೇಳಲು ಎಳೆದಾಟ, ಚೀರಾಟವಲ್ಲದೆ ದಾರಿಯಿಲ್ಲ. ಹಟಮಾರಿ ಎಂದು ಹೆಸರಿಟ್ಟ ಕ್ಷಣದಿಂದ ಅದರ ಕಿವಿಯತ್ತ ನಮ್ಮ ಗಮನ ಹೋಗುವುದಿಲ್ಲ, ಅಮೂಲ್ಯ ವರ್ಷಗಳು ಕಳೆಯುತ್ತವೆ. ಸೋದರಮಾವ, ಅತ್ತೆಯ ಮಗ, ಮಾವನ ಮಗಳು ಎಂದು ರಕ್ತಸಂಬಂಧದಲ್ಲಿ ಮದುವೆ ಮಾಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಅಂಥ ದಂಪತಿಗಳ ಮಕ್ಕಳಲ್ಲಿ ಹುಟ್ಟುಕಿವುಡಿನ ಸಂಭವ ಹೆಚ್ಚು. ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದ, ಒಂದೂವರೆ ವರ್ಷವಾದರೂ ಒಂದೂ ಶಬ್ದವಾಡದ, ಎರಡಾದರೂ ಎರಡು ಶಬ್ದ ಜೋಡಿಸದ ಮಗುವಿಗೆ ಶ್ರವಣ ಪರೀಕ್ಷೆ ಮಾಡಿಸಲೇಬೇಕು. ‘ನಮ್ಮ ಮನೆತನದಾಗ ಮಾತು ತಡಾನ ಬರತಾವ’ ಎಂದು ಕಾಯಬಾರದು. ಶ್ರವಣಯಂತ್ರವಾಗಲಿ ಕಾಕ್ಲಿಯರ್ ಅಳವಡಿಕೆಯಾಗಲಿ ಮೊದಲ ಕೆಲವು ವರ್ಷಗಳಲ್ಲಿ ಆದರೇ ಹೆಚ್ಚು ಫಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗಳಿಗೆ ಬಂದು ಇಂಥ ಕೊರತೆಗಳನ್ನು ಪತ್ತೆ ಮಾಡುತ್ತದೆ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹಿರಿದು.

ಮಾತು ತಡವಾಗುವುದರ ಜೊತೆಗೆ ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದು, ಬೇಕಾದುದನ್ನು ಬೆರಳು ಮಾಡಿ ತೋರಿಸದಿರುವುದು, ಚಿಕ್ಕ ಬದಲಾವಣೆಗೂ ತಾಳಲಾರದೆ ಚೀರುವುದು ಕಂಡರೆ ಆಟಿಸಂ ಇರಬಹುದು. ಅದನ್ನೂ ಬೇಗ ಗುರುತಿಸಿದಷ್ಟು ಒಳಿತು.

ಮನೆಯೊಳಗಿನ ಕಾರಣಗಳು

ದೇಹದ ಕಾರಣಗಳು ಇಲ್ಲವೆಂದು ಖಚಿತವಾದ ಮೇಲೆ ಮನೆಯತ್ತ ನೋಡಬೇಕು.

ಕೂಡುಕುಟುಂಬ ಮಗುವಿಗೆ ದೊಡ್ಡ ಆಸರೆ. ಆದರೆ ಅವ್ವ ಬೇಡವೆಂದ ಚಾಕಲೇಟನ್ನು ಮುತ್ಯಾ ಕಿಸೆಯಿಂದ ತೆಗೆದುಕೊಟ್ಟರೆ, ಅಪ್ಪ ಬೈದ ತಪ್ಪಿಗೆ ಆಯಿ ನಕ್ಕರೆ, ಬೇಡ ಎಂಬ ಮಾತಿಗೆ ಅರ್ಥವಿಲ್ಲವೆಂದು ಮಗು ಕಲಿಯುತ್ತದೆ. ಇನ್ನೂ ಕೆಟ್ಟದ್ದು, ನಾಲ್ಕು ಸಲ ನಿರಾಕರಿಸಿ ಐದನೆಯ ಸಲ ಅಳು ತಾಳಲಾರದೆ ಕೊಟ್ಟುಬಿಡುವುದು. ಆಗ ಮಗು ಕಲಿಯುವ ಪಾಠವೆಂದರೆ, ಐದನೆಯ ಸಲದವರೆಗೆ ಅಳಬೇಕು. ಮರುದಿನ ಹಟ ಇನ್ನಷ್ಟು ಉದ್ದವಾಗುತ್ತದೆ. ಕೊಡುವುದಿದ್ದರೆ ಮೊದಲೇ ಕೊಡಬೇಕು. ಕೊಡಬಾರದ್ದಾದರೆ ಕೊನೆಯವರೆಗೂ ಕೊಡಬಾರದು. ಈ ಒಂದು ವಿಷಯದಲ್ಲಿ ಹಿರಿಯರೆಲ್ಲ ಮಗು ಮಲಗಿದ ಮೇಲೆ ಕುಳಿತು ಒಂದೇ ಮಾತಿಗೆ ಬರಬೇಕು. ಸೊಸೆಯನ್ನು ಮಗುವಿನ ಎದುರಿಗೆ ಗದರಿಸುವುದು ಸಲ್ಲದು. ಹಾಗೆ ಗದರಿಸಿದರೆ ತಾಯಿಯ ಮಾತಿಗೆ ತೂಕ ಉಳಿಯುವುದಿಲ್ಲ.

ಅಗಲಿಕೆ ಇನ್ನೊಂದು ಕಾರಣ. ಎರಡನೆಯ ಹೆರಿಗೆಗೆ ತಾಯಿ ತವರಿಗೆ ಹೋಗುತ್ತಾಳೆ. ಮೂರು ವರ್ಷದ ಹಿರಿಯ ಮಗು ತಂದೆಯ ಮನೆಯಲ್ಲಿ ಉಳಿಯುತ್ತದೆ. ತಾಯಿ ಬಂದಾಗ ಅವಳ ಮಡಿಲಲ್ಲಿ ಬೇರೊಂದು ಕೂಸು. ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸುತ್ತದೆ, ಹಟ ಇಮ್ಮಡಿಸುತ್ತದೆ. ಹಾಗೆಯೇ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಗುಳೆ ಹೋಗುವ ತಂದೆತಾಯಿಗಳ ಮಕ್ಕಳು ಆಯಿಯ ಹತ್ತಿರ ಉಳಿಯುತ್ತಾರೆ. ತಿಂಗಳುಗಳ ಬಳಿಕ ತಾಯಿ ಬಂದಾಗ ಮಗು ಅವಳನ್ನು ಹೊಡೆಯುತ್ತದೆ, ಹತ್ತಿರ ಬಾರದು, ಬಂದರೆ ಬಿಡದು. ಇದು ಕೃತಘ್ನತೆಯಲ್ಲ. ಮತ್ತೆ ಬಿಟ್ಟುಹೋಗುವಳೋ ಎಂಬ ಅಂಜಿಕೆ. ಹೊಟ್ಟೆಪಾಡಿನ ಗುಳೆಯನ್ನು ತಪ್ಪಿಸುವುದು ಆ ತಾಯಿಯ ಕೈಯಲ್ಲಿಲ್ಲ. ಆದರೆ ಹೊರಡುವಾಗ ಮಗುವಿನ ಕಣ್ಣು ತಪ್ಪಿಸಿ ಹೋಗದೆ, ‘ಹೋಗಿ ಬರತೀನಿ, ಆಯಿ ಹತ್ರ ಇರು’ ಎಂದು ಹೇಳಿ ಹೋಗುವುದು, ದಿನವೂ ಒಂದೇ ಹೊತ್ತಿಗೆ ಫೋನಿನಲ್ಲಿ ಮಾತನಾಡುವುದು ಅವಳಿಂದ ಸಾಧ್ಯ.

ಮೊಬೈಲ್ ಹಟವನ್ನು ತಣಿಸುವಂತೆ ಕಾಣುತ್ತದೆ, ಆದರೆ ಬೆಳೆಸುತ್ತದೆ. ಸಿಟ್ಟು ಬಂದಾಗಲೆಲ್ಲ ಪರದೆ ಸಿಕ್ಕ ಮಗುವಿಗೆ ತನ್ನನ್ನು ತಾನು ಸಂತೈಸಿಕೊಳ್ಳುವ ಅಭ್ಯಾಸವೇ ಆಗುವುದಿಲ್ಲ. ಎರಡು ವರ್ಷದೊಳಗೆ ಪರದೆ ಬೇಡವೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ತಾಸು ಮೀರಬಾರದು ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಹೇಳಿದೆ.

ಹೊಡೆತದಿಂದ ಮಗು ಸುಮ್ಮನಾಗುವುದು ನಿಜ. ಆದರೆ ಅದು ಭಯದ ಮೌನ. ಸಿಟ್ಟು ಬಂದಾಗ ದೊಡ್ಡವರು ಚಿಕ್ಕವರನ್ನು ಹೊಡೆಯಬಹುದು ಎಂಬುದನ್ನು ಅದು ಕಲಿತು, ಮರುದಿನ ತಂಗಿಯ ಮೇಲೆ ಪ್ರಯೋಗಿಸುತ್ತದೆ. ‘ಪೊಲೀಸ ಬರತಾನ’, ‘ಡಾಕ್ಟರ ಸೂಜಿ ಚುಚ್ಚತಾನ’ ಎಂಬ ಬೆದರಿಕೆಗಳೂ ಬೇಡ. ನಾಳೆ ಆಸ್ಪತ್ರೆಗೆ ಒಯ್ಯಬೇಕಾದಾಗ ಅದೇ ಹೊಸ ಹಟಕ್ಕೆ ಬೀಜವಾಗುತ್ತದೆ. ಮನೆಯಲ್ಲಿ ಕುಡಿತ, ಜಗಳ ಇದ್ದರೆ, ಬಾಣಂತಿತನದ ಬಳಿಕ ತಾಯಿಯ ಮನಸ್ಸು ಕುಗ್ಗಿದ್ದರೆ ಮಗುವಿನ ಹಟ ಆ ಮನೆಯ ದುಃಖವನ್ನೇ ಹೊರಗೆಡಹುತ್ತಿರುತ್ತದೆ. ಅಂಥ ತಾಯಂದಿರು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲಿಯೇ ಉಚಿತ ಸಲಹೆ ಪಡೆಯಬಹುದು.

ಹುಟ್ಟುಗುಣದ ಮಾತು

‘ರಕ್ತದಾಗ ಬಂದೈತಿ’ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ನ್ಯೂಯಾರ್ಕಿನ ಮನೋವೈದ್ಯ ದಂಪತಿಗಳಾದ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಿಂದ ನೂರಕ್ಕೂ ಹೆಚ್ಚು ಮಕ್ಕಳನ್ನು ಶೈಶವದಿಂದ ಹಿಡಿದು ವರ್ಷಾನುಗಟ್ಟಲೆ ಗಮನಿಸಿದರು. ನೂರರಲ್ಲಿ ಸುಮಾರು 40 ಮಕ್ಕಳು ಸುಲಭ ಸ್ವಭಾವದವರು, ಸುಮಾರು 10 ಮಕ್ಕಳು ಹುಟ್ಟಿನಿಂದಲೇ ತೀವ್ರ ಸ್ವಭಾವದವರು ಎಂದು ಅವರು ಕಂಡರು. ಅವರು ಒತ್ತಿ ಹೇಳಿದ್ದು ಇನ್ನೊಂದು ಮಾತನ್ನು: ಮಗುವಿನ ಸ್ವಭಾವಕ್ಕೂ ಮನೆಯವರು ನಡೆದುಕೊಳ್ಳುವ ರೀತಿಗೂ ಹೊಂದಿಕೆಯಾದರೆ ತೀವ್ರ ಸ್ವಭಾವದ ಮಗುವೂ ಚೆನ್ನಾಗಿ ಬೆಳೆಯುತ್ತದೆ. ಸ್ವಭಾವ ಮಗುವಿನದು, ಹೊಂದಿಸಿಕೊಳ್ಳುವ ಕೆಲಸ ನಮ್ಮದು.

ಹಟ ಬಂದ ಗಳಿಗೆಯಲ್ಲಿ

ಮೊದಲು ಮಗುವಿಗೆ ಪೆಟ್ಟಾಗದಂತೆ ಸುತ್ತಲಿನ ವಸ್ತುಗಳನ್ನು ಸರಿಸಿ. ಹತ್ತಿರ ಕುಳಿತುಕೊಳ್ಳಿ, ದನಿ ಏರಿಸಬೇಡಿ. ಆ ಹೊತ್ತಿಗೆ ಉಪದೇಶ ಮಗುವಿನ ಕಿವಿಗೆ ಬೀಳುವುದಿಲ್ಲ. ‘ನಿನಗ ಸಿಟ್ಟು ಬಂದೈತಿ, ಆ ಗಾಡಿ ಬೇಕಾಗಿತ್ತು’ ಎಂದು ಅದರ ಭಾವಕ್ಕೆ ಒಂದು ಹೆಸರು ಕೊಡಿ, ಸಾಕು. ಹೊಡೆಯಲು, ಕಚ್ಚಲು ಬಂದರೆ ಕೈಯನ್ನು ಮೆಲ್ಲಗೆ ಹಿಡಿದು ‘ಹೊಡೀಬಾರದು’ ಎಂದಷ್ಟೇ ಹೇಳಿ. ಬಾಜಾರಿನಲ್ಲಾದರೆ ನೋಡುವವರ ಬಾಯಿಗೆ ಅಂಜದೆ ಎತ್ತಿಕೊಂಡು ಗದ್ದಲವಿಲ್ಲದ ಕಡೆಗೆ ನಡೆಯಿರಿ. ಸಿಟ್ಟು ಇಳಿದು ಮಗು ತೋಳು ಚಾಚಿದಾಗ ಎತ್ತಿಕೊಳ್ಳಿ. ಎತ್ತಿಕೊಂಡರೆ ಮಗು ಕೆಡುವುದಿಲ್ಲ. ಕೇಳಿದ ವಸ್ತುವನ್ನು ಆಗ ಕೊಟ್ಟರೆ ಕೆಡುತ್ತದೆ. ಹಟವಿಲ್ಲದ ಹೊತ್ತಿನಲ್ಲಿ ‘ಕೆಂಪು ಅಂಗಿಯೋ ಹಳದಿ ಅಂಗಿಯೋ’ ಎಂದು ಚಿಕ್ಕ ಆಯ್ಕೆಗಳನ್ನು ಅದಕ್ಕೆ ಬಿಡಿ. ತಾನೇ ಮಾಡಬೇಕೆಂಬ ಆಸೆ ಅಲ್ಲಿ ತಣಿಯುತ್ತದೆ.

ವೈದ್ಯರಲ್ಲಿಗೆ ಯಾವಾಗ?

ಹಟ ಮತ್ತೆ ಮತ್ತೆ ಇಪ್ಪತ್ತೈದು ನಿಮಿಷಕ್ಕೂ ಮೀರಿ ನಡೆಯುತ್ತಿದ್ದರೆ, ದಿನಕ್ಕೆ ಐದಕ್ಕೂ ಹೆಚ್ಚು ಸಲ ಹಲವು ದಿನ ಬರುತ್ತಿದ್ದರೆ, ಮಗು ತಲೆ ಚಚ್ಚಿಕೊಂಡು, ತನ್ನನ್ನೇ ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತಿದ್ದರೆ, ಐದು ದಾಟಿದರೂ ಕಡಿಮೆಯಾಗದಿದ್ದರೆ ಮಕ್ಕಳ ವೈದ್ಯರನ್ನು ಕಾಣಬೇಕು. ಬಿಳಿಚಿಕೊಂಡಿರುವುದು, ಮಣ್ಣು ತಿನ್ನುವುದು, ಉಸಿರು ಕಟ್ಟುವುದು, ಮಾತು ತಡವಾಗುವುದು, ಆಡಿದ್ದ ಮಾತು ನಿಂತುಹೋಗುವುದು, ಇವುಗಳಲ್ಲೊಂದು ಇದ್ದರೂ ಕಾಯಬಾರದು. ತಿಕೋಟಾ, ಬಬಲೇಶ್ವರದ ಸರಕಾರಿ ಆಸ್ಪತ್ರೆಯಲ್ಲಿ ಮೊದಲು ತೋರಿಸಬಹುದು. ಹೆಚ್ಚಿನ ತಪಾಸಣೆಗೆ ವಿಜಯಪುರದ ಜಿಲ್ಲಾ ಆಸ್ಪತ್ರೆಯೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳೂ ಇವೆ.

ವೈದ್ಯರ ಬಳಿಗೆ ಹೋಗುವ ಮುನ್ನ, ಹೋಗಬೇಕಾಗದಿದ್ದರೂ ಸರಿಯೆ, ಒಂದು ಕೆಲಸ ಮಾಡಬಹುದು. ಏಳು ದಿನ ಒಂದು ನೋಟುಬುಕ್ಕಿನಲ್ಲಿ ಹಟ ಬಂದ ಹೊತ್ತು, ಅದಕ್ಕೆ ಮುಂಚೆ ಏನಾಗಿತ್ತು, ಮಗು ಕೊನೆಗೆ ಉಂಡದ್ದು ಯಾವಾಗ, ಹಿಂದಿನ ರಾತ್ರಿ ಎಷ್ಟು ತಾಸು ಮಲಗಿತ್ತು, ನಾವು ಏನು ಮಾಡಿದೆವು ಎಂದು ಬರೆಯಿರಿ. ತಾಯಿಗೆ ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಅಕ್ಕನಿಂದ ಬರೆಸಿ. ಎಂಟನೆಯ ದಿನ ಓದಿದಾಗ ಬಹಳ ಮನೆಗಳಲ್ಲಿ ಒಂದೇ ಹೊತ್ತು, ಒಂದೇ ಕಾರಣ ಮತ್ತೆ ಮತ್ತೆ ಎದ್ದು ಕಾಣುತ್ತದೆ. ಆ ಕಾರಣ ದೃಷ್ಟಿಯಾಗಿರುವುದಿಲ್ಲ, ಕೆಟ್ಟತನವಾಗಿರುವುದೂ ಇಲ್ಲ. ಹತ್ತು ಗಂಟೆಗೆ ಸಿಗದ ಒಂದು ಬಟ್ಟಲು ಊಟವೋ, ಸಾಲದ ನಿದ್ರೆಯೋ, ತಾಯಿ ಮನೆಗೆ ಬಂದ ಮೊದಲ ಅರ್ಧ ತಾಸು ತನಗೇ ಸಿಗಬೇಕೆಂಬ ಬೇಡಿಕೆಯೋ ಆಗಿರುತ್ತದೆ. ಅಷ್ಟನ್ನು ಮೊದಲು ಕೊಟ್ಟು ನೋಡೋಣ. ‘ಹಟಮಾರಿ’ ಎಂಬ ಹೆಸರನ್ನು ಅಲ್ಲಿಯವರೆಗೆ ಯಾವ ಮಗುವಿಗೂ ಇಡದಿರೋಣ.